ಮೇಜಿನ ಮೇಲಿನ ಶಾಲೆ, ಆವೃತ್ತಿ 7: ಹದಿನಾಲ್ಕನೇ ಚೀಟಿ ಬಾಯಿಬಿಟ್ಟಿತು

ಹದಿನಾಲ್ಕನೇ ಚೀಟಿ ಕೊನೆಗೂ ಕೆಲಸ ಮಾಡಿತು. ಒಂದೇ ಒಂದು ಚೀಟಿಗೆ ನಾಲ್ಕು ತಿಂಗಳು ಹಿಡಿಯಿತು. ಈಗಷ್ಟೇ ಮನೆಗೆ ಬಂದು ಪೆಟ್ಟಿಗೆ ಕೆಳಗಿಟ್ಟಿದ್ದೇನೆ. ನಾಳೆಗೆ ಬಿಟ್ಟರೆ ಆ ಟೇಬಲ್‌ನಲ್ಲಿ ಕೇಳಿದ ಮಾತುಗಳು ಮಾಸಿಹೋಗುತ್ತವೆ, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ಹೊಸಬರಿಗೆ ಎರಡು ಮಾತು. ಇದು ಮುಂದೆ ಎಚ್.ಎಂ. (ಶಾಲೆಯ ಮುಖ್ಯ ಶಿಕ್ಷಕರು) ಆಗಲಿರುವವರಿಗಾಗಿ ಮಾಡುತ್ತಿರುವ ಆಟದ ಪೆಟ್ಟಿಗೆ. ಆ ಕುರ್ಚಿಯಲ್ಲಿ ಕೂರುವ ಮೊದಲ ಸೋಮವಾರವನ್ನು ಅವರು ಮೇಜಿನ ಮೇಲೆ ಒಮ್ಮೆ ಕಳೆದು ನೋಡಬೇಕು. ಒಂದು ಟ್ರೇ, ಎಚ್.ಎಂ. ಮುಂದೆ ಬರುವ ಒಂದೊಂದು ಕೆಲಸ ಬರೆದ 24 ಚೀಟಿ, ಸಿಬ್ಬಂದಿ ಪಟ್ಟಿ, ಟೈಮ್ ಟೇಬಲ್, ಕೈಯಲ್ಲಿ 50 ನಿಮಿಷ. ಚೀಟಿ ಕತ್ತರಿಸುವುದು, ಲ್ಯಾಮಿನೇಷನ್, ಬಣ್ಣ ಹಂಚುವುದು, ಅವೆಲ್ಲ ನಿಮಗೆ ಗೊತ್ತಿರುವುದೇ. ಬಿಡುತ್ತೇನೆ.

ಟ್ರೇ ಉಪಾಯ ಹಳೆಯದು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ನಾರ್ಮನ್ ಫ್ರೆಡರಿಕ್ಸನ್ ಮತ್ತು ಜೊತೆಗಾರರು ಅಮೆರಿಕದ ವಾಯುಪಡೆಗಾಗಿ 'ಇನ್-ಬಾಸ್ಕೆಟ್' ಪರೀಕ್ಷೆ ಮಾಡಿದ್ದರು, ಅಂದರೆ ಟ್ರೇಗೆ ಬಂದ ಕಾಗದಗಳನ್ನು ಒಬ್ಬರು ಹೇಗೆ ನಿಭಾಯಿಸುತ್ತಾರೆ ಅಂತ ನೋಡುವುದು. 1962ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನೇ ಶಾಲೆಗೆ ತಂದರು. 232 ಪ್ರಾಥಮಿಕ ಶಾಲಾ ಮುಖ್ಯಸ್ಥರನ್ನು ಒಂದೇ ಕಾಲ್ಪನಿಕ ಶಾಲೆಯಲ್ಲಿ ಕೂರಿಸಿ, ಒಂದೇ ರಾಶಿ ಕಾಗದ ಕೊಟ್ಟರು. ಶಾಲೆ ಒಂದೇ ಆದಾಗ ಕಾಣುವ ವ್ಯತ್ಯಾಸ ಮನುಷ್ಯರದ್ದು, ಅಲ್ವಾ? ಅಲ್ಲಿ ಕಂಡ ದೊಡ್ಡ ವ್ಯತ್ಯಾಸಗಳಲ್ಲಿ ಒಂದು ಇದು: ಕೆಲವರು ತೀರ್ಮಾನಕ್ಕೆ ಮೊದಲು ವಿಚಾರಿಸುತ್ತಾರೆ, ತಯಾರಿ ಮಾಡಿಕೊಳ್ಳುತ್ತಾರೆ. ಕೆಲವರು ನೇರವಾಗಿ ತೀರ್ಮಾನ ಬರೆದು ಮುಗಿಸುತ್ತಾರೆ. ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಗೋಳೆಲ್ಲ ಇದರ ಸುತ್ತಲೇ.

ಎರಡನೇ ಆವೃತ್ತಿಯ ಚೀಟಿಗಳನ್ನು ಒಮ್ಮೆ ವಿಂಗಡಿಸಿ ನೋಡಿದ್ದೆ. 24ರಲ್ಲಿ 17 ಚೀಟಿಗಳು ಶಿಸ್ತು, ದುಡ್ಡು, ದುರಸ್ತಿ, ಕಡತದ ಬಗ್ಗೆ. ಪಾಠದ ಬಗ್ಗೆ ಇದ್ದದ್ದು ಎರಡೇ! 2008ರಲ್ಲಿ ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು, ಮುಖ್ಯಸ್ಥರ ಯಾವ ಕೆಲಸ ಮಕ್ಕಳ ಕಲಿಕೆಗೆ ಎಷ್ಟು ತಾಗುತ್ತದೆ ಅಂತ ಲೆಕ್ಕ ಹಾಕಿದ್ದರು. ಶಿಸ್ತಿನ, ನೆಮ್ಮದಿಯ ವಾತಾವರಣ ಉಳಿಸಿಕೊಳ್ಳುವುದರ ಪರಿಣಾಮ 0.27 (ಸೊನ್ನೆ ಅಂದರೆ ಪರಿಣಾಮವೇ ಇಲ್ಲ, ಸಂಖ್ಯೆ ಏರಿದಷ್ಟೂ ಪರಿಣಾಮ ದೊಡ್ಡದು). ಶಿಕ್ಷಕರ ಕಲಿಕೆಗೆ ಒತ್ತು ಕೊಟ್ಟು, ತಾವೂ ಅದರಲ್ಲಿ ಕೂರುವುದರದ್ದು 0.84. ನನ್ನ ಟ್ರೇ ಇದಕ್ಕೆ ಪೂರಾ ಉಲ್ಟಾ ಇತ್ತು. ಮೂರನೇ ಆವೃತ್ತಿಯಲ್ಲಿ ಪಾಠದ ಚೀಟಿಗಳನ್ನು ಒಂಬತ್ತಕ್ಕೆ ಏರಿಸಿದೆ. ಹದಿನಾಲ್ಕನೆಯದು ಹುಟ್ಟಿದ್ದು ಆಗ.

ಅದರಲ್ಲಿ ಇರುವುದು ಇಷ್ಟು. ನೀವು ನಿನ್ನೆಯವರೆಗೆ ಶಿಕ್ಷಕರು, ಇವತ್ತಿನಿಂದ ಮುಖ್ಯಸ್ಥರು. ಕಳೆದ ವಾರ ಗಣಿತ ಮೇಡಂ ಪಾಠದಲ್ಲಿ ಕೂತು ನೋಡಿದ್ದೀರಿ. ಹನ್ನೆರಡು ವರ್ಷ ಒಂದೇ ಸ್ಟಾಫ್ ರೂಮ್‌ನಲ್ಲಿ ನಿಮ್ಮ ಎದುರು ಕೂತವರು ಅವರು. ಮೂರನೇ ಪೀರಿಯಡ್ ಆದ ಮೇಲೆ ಅವರ ಜೊತೆ ಮಾತಾಡಿ.

ಜೊತೆಗೆ ಒಂದು ಹಾಳೆ. ಮಕ್ಕಳು ಕೂತ ಜಾಗದ ನಕ್ಷೆ, 38 ಚೌಕ. ಮೇಡಂ ಒಟ್ಟು 26 ಪ್ರಶ್ನೆ ಕೇಳಿದ್ದಾರೆ. ಯಾರು ಉತ್ತರ ಕೊಟ್ಟರೋ ಆ ಚೌಕದಲ್ಲಿ ಒಂದೊಂದು ಗೀಟು. ಮುಂದಿನ ಸಾಲಿನ ನಾಲ್ಕು ಚೌಕದಲ್ಲೇ 21 ಗೀಟು. ನಡುವಿನ ಸಾಲುಗಳಲ್ಲಿ ಚದುರಿದ ಐದು. ಹಿಂದಿನ ಎರಡು ಸಾಲು ಪೂರ್ತಿ ಬಿಳಿ. ಈ ಹಾಳೆಯನ್ನು ನಾನು ಕೈಯಲ್ಲೇ, ಪೆನ್ಸಿಲ್‌ನಲ್ಲೇ ಮಾಡುತ್ತೇನೆ. ಪ್ರಿಂಟ್ ಮಾಡಿದರೆ ಯಾರೂ ಅದರ ಮೇಲೆ ಬೆರಳಿಟ್ಟು ನೋಡುವುದಿಲ್ಲ.

ಇನ್ನು ಸೋಲುಗಳು.

ಮೂರನೇ ಆವೃತ್ತಿಯಲ್ಲಿ ನಾಲ್ಕು ಆಯ್ಕೆ ಕೊಟ್ಟಿದ್ದೆ. ಎಲ್ಲರೂ ಮೂರನೆಯದನ್ನೇ ಆರಿಸಿದರು: 'ಸೌಜನ್ಯದಿಂದ ವಿಷಯ ತಿಳಿಸಿ, ಬೆಂಬಲ ನೀಡುವೆ.' ಶಿಕ್ಷಕರಿಗೆ ಸರಿ ಉತ್ತರ ಹುಡುಕುವುದು ಕಲಿಸಬೇಕಾ? ಉತ್ತರ ಸರಿ, ಆದರೆ ಬಾಯಿಂದ ಒಂದು ಮಾತೂ ಹೊರಡಲಿಲ್ಲ.

ನಾಲ್ಕರಲ್ಲಿ ಆಯ್ಕೆ ತೆಗೆದೆ. ಒಬ್ಬರು ಎಚ್.ಎಂ., ಇನ್ನೊಬ್ಬರು ಗಣಿತ ಮೇಡಂ. ಮೂರು ನಿಮಿಷ ನಿಜವಾಗಿ ಮಾತಾಡಿ ಅಂದೆ. ಎಂಟು ಜೋಡಿಗಳಲ್ಲಿ ಆರು ಜೋಡಿ ಎರಡು ನಿಮಿಷದೊಳಗೇ ಮುಗಿಸಿಬಿಟ್ಟರು. ಹೆಚ್ಚುಕಡಿಮೆ ಎಲ್ಲರದೂ ಒಂದೇ ಧಾಟಿ: "ಪಾಠ ತುಂಬಾ ಚೆನ್ನಾಗಿತ್ತು ಮೇಡಂ. ಒಂದೇ ಒಂದು ಚಿಕ್ಕ ಸಲಹೆ, ತಪ್ಪು ತಿಳ್ಕೋಬೇಡಿ..." ಮುಗಿದ ಮೇಲೆ ಗಣಿತ ಮೇಡಂ ಆದವರೊಬ್ಬರನ್ನು ಕೇಳಿದೆ, ಈಗ ನಿಮಗೆ ಏನು ಗೊತ್ತಾಯ್ತು? ಅವರು ಖುಷಿಯಿಂದ ಹೇಳಿದರು, "ಪಾಠ ಚೆನ್ನಾಗಿತ್ತಂತೆ." ಹಿಂದಿನ ಎರಡು ಸಾಲಿನ ಮಕ್ಕಳು ಆ ಮೂರು ನಿಮಿಷದಲ್ಲಿ ಎಲ್ಲೂ ಬರಲೇ ಇಲ್ಲ. ಅವತ್ತು ನನಗೆ ನಿಜಕ್ಕೂ ಬೇಜಾರಾಯ್ತು.

ಐದರಲ್ಲಿ ಅದಕ್ಕೆ ಮದ್ದು ಅಂತ ಅಂಕ ಪಟ್ಟಿ ಸೇರಿಸಿದೆ. ವಿಷಯ ನೇರವಾಗಿ ಹೇಳಿದರೆ ಎರಡು ಅಂಕ, ನಕ್ಷೆ ತೋರಿಸಿದರೆ ಎರಡು. ಕೂಡಲೇ ಎಲ್ಲರೂ ಇನ್ಸ್‌ಪೆಕ್ಟರ್ ಆಗಿಬಿಟ್ಟರು. "ನೋಡಿ, 21. ಯಾಕೆ ಹೀಗೆ?" ಒಂದು ಟೇಬಲ್‌ನಲ್ಲಿ ಗಣಿತ ಮೇಡಂ ಆಗಿದ್ದವರ ಮುಖ ಕೆಂಪಗಾಯ್ತು. ಕೈಕಟ್ಟಿ ಕೂತವರು ಮತ್ತೆ ಬಾಯಿ ತೆರೆಯಲಿಲ್ಲ. ಆಮೇಲೆ ಹೇಳಿದರು, "ನಾಟಕ ಅಂತಾನೇ ಮರೆತುಹೋಯ್ತು ಸರ್." ಅಂಕ ಪಟ್ಟಿಯನ್ನು ಅವತ್ತೇ ಕಿತ್ತು ಹಾಕಿದೆ. ನಯವಾಗಿ ಮಾತಾಡಿದರೆ ವಿಷಯ ಮಾಯ, ವಿಷಯ ಹಿಡಿದರೆ ಮನುಷ್ಯರು ಮಾಯ. ಎರಡೂ ಒಟ್ಟಿಗೆ ಬರುವ ದಾರಿ ಕಾಣಲಿಲ್ಲ.

ಆರರಲ್ಲಿ ಗುಟ್ಟಿನ ಚೀಟಿ ತಂದೆ. ಗಣಿತ ಮೇಡಂಗೆ ಮಾತ್ರ, ಸಣ್ಣ ಲಕೋಟೆಯಲ್ಲಿ. ಅದರಲ್ಲಿ ಹೀಗಿದೆ: 'ಹಿಂದಿನ ಬೆಂಚಿನ ಇಬ್ಬರು ತಪ್ಪು ಉತ್ತರ ಹೇಳಿದಾಗ ಇಡೀ ತರಗತಿ ನಕ್ಕಿತ್ತು. ಅವರನ್ನು ಮತ್ತೆ ಎಬ್ಬಿಸಲು ನಿಮಗೆ ಮನಸ್ಸು ಬರುತ್ತಿಲ್ಲ. ಕೇಳಿದರೆ ಮಾತ್ರ ಹೇಳಿ.' ಅಂದರೆ ಮೇಡಂಗೆ ಮಕ್ಕಳ ಮೇಲೆ ಪ್ರೀತಿ ಕಮ್ಮಿ ಅಂತಲ್ಲ, ಪ್ರೀತಿ ಇರುವುದಕ್ಕೇ ಸುಮ್ಮನಿದ್ದಾರೆ. ಇದು ತಿಳಿದರೆ ಮಾತಿನ ದಿಕ್ಕೇ ಬದಲಾಗುತ್ತದೆ ಅಂದುಕೊಂಡೆ. ಆರು ಟೇಬಲ್ ಆಡಿಸಿದೆ. ಒಬ್ಬರೂ ಕೇಳಲಿಲ್ಲ. ಆರು ಲಕೋಟೆಗಳೂ ಹೇಗೆ ಹೋಗಿದ್ದವೋ ಹಾಗೇ ವಾಪಸ್ ಬಂದವು. 1962ರ ಆ ಮಾತು ಆಗ ತಲೆಗೆ ಹೊಳೆಯಿತು. ನಮ್ಮವರು ಕಡತ ಬಂದಾಗ ವಿಚಾರಿಸುತ್ತಾರೆ, ದುರಸ್ತಿಯ ಚೀಟಿ ಬಂದಾಗ ವಿಚಾರಿಸುತ್ತಾರೆ. ಗೆಳತಿಯ ಪಾಠದ ವಿಷಯಕ್ಕೆ ಬಂದಾಗ ಮಾತ್ರ ಮೊದಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಉಳಿದಿರುವುದು ಅದನ್ನು ಮೆತ್ತಗೆ ಹೇಳೋದಾ, ಗಟ್ಟಿಯಾಗಿ ಹೇಳೋದಾ ಅನ್ನುವುದಷ್ಟೇ.

ಲಕೋಟೆ ಅಂದ ಕೂಡಲೇ ನೆನಪಾಯ್ತು. ಈ ಸಲದ ಲಕೋಟೆಗಳ ಅಂಟು ಎಷ್ಟು ಗಟ್ಟಿ ಅಂದರೆ ಬಿಚ್ಚುವಾಗ ಚೀಟಿಯೇ ಹರಿಯುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ಮರಳು ಗಡಿಯಾರ. ಮೂರು ನಿಮಿಷದ್ದು ಅಂತ ಐದು ತರಿಸಿದೆ. ಮೊಬೈಲ್ ಹಿಡಿದು ಅಳೆದರೆ ಒಂದು 2 ನಿಮಿಷ 20 ಸೆಕೆಂಡಿಗೆ ಖಾಲಿ, ಇನ್ನೊಂದು 3 ನಿಮಿಷ 50 ಸೆಕೆಂಡ್ ಎಳೆಯಿತು. ಸರಬರಾಜು ಮಾಡಿದವರಿಗೆ ಫೋನ್ ಮಾಡಿದರೆ, "ಸರಾಸರಿ ಮೂರು ಬರುತ್ತಲ್ಲ ಸರ್" ಅಂದರು. ಲೆಕ್ಕ ಹಾಕಿದೆ, ಸರಾಸರಿ ನಿಜವಾಗಿಯೂ ಮೂರೇ! ಈಗ ಗಡಿಯಾರ ಬಿಟ್ಟು ಮೇಜಿನ ಗಂಟೆ ಇಟ್ಟಿದ್ದೇನೆ. ಆ ಗಂಟೆಗೆ ಆಮೇಲೆ ಇನ್ನೂ ದೊಡ್ಡ ಕೆಲಸ ಸಿಕ್ಕಿತು.

ಆರನೇ ಆವೃತ್ತಿಯ ಕೊನೆಯ ದಿನ ಒಬ್ಬ ಶಿಕ್ಷಕಿ, ಎಚ್.ಎಂ. ಆಗಿ ಮಾತಾಡಿ ಮುಗಿಸಿದವರು, ಚೀಟಿ ಜೋಡಿಸುತ್ತಿದ್ದ ನನ್ನ ಹತ್ತಿರ ಬಂದು, "ಸರ್, ಇನ್ನೊಂದು ಸಲ ಹೇಳ್ಲಾ? ಈಗ ಬೇರೆ ಥರ ಹೇಳ್ಬೋದಿತ್ತು ಅನ್ನಿಸ್ತಿದೆ" ಅಂದರು. ಟೈಮ್ ಆಯ್ತು ಮೇಡಂ ಅಂದೆ. ದಾರಿಯುದ್ದಕ್ಕೂ ಅದೇ ಮಾತು ಕೊರೆಯುತ್ತಿತ್ತು. ಇನ್ನೊಂದು ಸಲ. ಇದನ್ನು ನಾವೆಲ್ಲ ಮಾಡಿದ್ದೇವಲ್ಲ! ಶಿಕ್ಷಕರ ತರಬೇತಿಯಲ್ಲಿ ಮೈಕ್ರೋ ಟೀಚಿಂಗ್ ಮಾಡಿಸಲಿಲ್ಲವಾ? 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಡ್ವೈಟ್ ಅಲೆನ್ ಮತ್ತು ಸಂಗಡಿಗರು ಶುರು ಮಾಡಿದ್ದು. ನಮ್ಮಲ್ಲಿ ಅನೇಕರು ಮಾಡಿದ್ದು 36 ನಿಮಿಷದ ಚಕ್ರ: 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರು ಯೋಜನೆ, 6 ನಿಮಿಷ ಮರು ಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಪಾಠ ಮಾಡುವುದನ್ನು ಹೀಗೆ ಎರಡೆರಡು ಸಲ ಮಾಡಿಸಿ ಕಲಿಸಿದರು. ಶಾಲೆ ನಡೆಸುವ ಮಾತುಗಳನ್ನು ಮಾತ್ರ ಒಂದೇ ಸಲಕ್ಕೆ, ನಿಜವಾದ ಮನುಷ್ಯರ ಮೇಲೆ, ಸರಿಯಾಗಿ ಆಡಬೇಕು ಅಂತ ಬಿಟ್ಟುಬಿಡುತ್ತೇವೆ. ಸಿಂಗಪುರದಲ್ಲಿ ಪ್ರಾಂಶುಪಾಲರಾಗಲಿರುವವರಿಗೆ ಹಲವು ತಿಂಗಳ ಪೂರ್ಣಾವಧಿ ತರಬೇತಿ ಇದೆ. ಎಷ್ಟೋ ಕಡೆ ಶುಕ್ರವಾರ ಶಿಕ್ಷಕರು, ಸೋಮವಾರ ಮುಖ್ಯಸ್ಥರು.

ಏಳನೇ ಆವೃತ್ತಿ ಅಂದರೆ ಇಷ್ಟೇ. ಮೂರು ನಿಮಿಷ ಮಾತು. ಗಂಟೆ. ಆಮೇಲೆ ಎಚ್.ಎಂ. ಆದವರಿಗೆ ಎರಡು ಕಾಲಂನ ಹಾಳೆ: ಬಲಗಡೆ ನಾನು ಆಡಿದ ಮಾತು, ಎಡಗಡೆ ಆಗ ಮನಸ್ಸಿನಲ್ಲಿದ್ದು ಹೇಳದೆ ಉಳಿದದ್ದು. ಇದು ಸಂಸ್ಥೆಗಳಲ್ಲಿ ಜನ ಹೇಗೆ ಕಲಿಯುತ್ತಾರೆ ಅಂತ ಅಧ್ಯಯನ ಮಾಡಿದ ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ ಬಳಸುತ್ತಿದ್ದ ವಿಧಾನ. ಐದು ನಿಮಿಷ ಬರೆಯುವುದು, ಯಾರಿಗೂ ತೋರಿಸುವುದು ಬೇಡ. ಮತ್ತೆ ಗಂಟೆ. ಅದೇ ಮೇಡಂ, ಅದೇ ಕುರ್ಚಿ, ಮತ್ತೆ ಮೂರು ನಿಮಿಷ.

ಇವತ್ತು ಐದನೇ ಟೇಬಲ್‌ನಲ್ಲಿ ಎಚ್.ಎಂ. ಆಗಿದ್ದವರು ವಿಜ್ಞಾನ ಶಿಕ್ಷಕರು. ಮೊದಲ ಸಲ ಅದೇ 'ತುಂಬಾ ಚೆನ್ನಾಗಿತ್ತು'. ಹಾಳೆ ಬರೆಯಲು ಕೂತರು. ಬಲಗಡೆ ತುಂಬಿತು. ಎಡಗಡೆ ತುಂಬಾ ಹೊತ್ತು ಖಾಲಿ. ಆಮೇಲೆ ಒಂದೇ ಸಾಲು ಬರೆದರು. ಗಂಟೆ ಹೊಡೆದೆ. ಈ ಸಲ ಅವರು ನಕ್ಷೆಯನ್ನು ತಮ್ಮ ಕಡೆಗೂ ಇಟ್ಟುಕೊಳ್ಳಲಿಲ್ಲ, ಮೇಡಂ ಕಡೆಗೂ ತಳ್ಳಲಿಲ್ಲ. ಇಬ್ಬರ ನಡುವೆ ಅಡ್ಡಲಾಗಿ ಇಟ್ಟರು. "ಮೇಡಂ, 26 ಪ್ರಶ್ನೇಲಿ 21 ಈ ನಾಲ್ಕು ಮಕ್ಕಳಿಗೇ ಹೋಗಿದೆ. ಹಿಂದಿನ ಸಾಲಿಗೆ ಒಂದೂ ಹೋಗಿಲ್ಲ. ನನಗೆ ಇದು ಚಿಂತೆ ಆಗಿದೆ. ಆದ್ರೆ ನೀವು ಕಾರಣ ಇಲ್ದೆ ಹಾಗೆ ಮಾಡೋರಲ್ಲ. ಅವರನ್ನ ಎಬ್ಬಿಸೋಕೆ ಏನಾದ್ರೂ ಅಡ್ಡಿ ಇದೆಯಾ?"

ಗಣಿತ ಮೇಡಂ ಆಗಿದ್ದವರು ಲಕೋಟೆ ಮುಟ್ಟಿದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. "ಇದೆ ಸರ್" ಅಂದರು.

ಅಲ್ಲಿಂದ ಮುಂದಿನ ಎರಡು ನಿಮಿಷ ಇಬ್ಬರೂ ಆ ಇಬ್ಬರು ಮಕ್ಕಳ ಬಗ್ಗೆಯೇ ಮಾತಾಡಿದರು. ಮೊದಲು ಪಕ್ಕದವರ ಜೊತೆ ಚರ್ಚಿಸಿ ಆಮೇಲೆ ಹೇಳಲಿ, ಆಗ ತಪ್ಪಾದರೂ ಒಬ್ಬರ ತಲೆ ಮೇಲೆ ಬೀಳುವುದಿಲ್ಲ ಅಂತ ಮೇಡಂ ತಾವೇ ಸೂಚಿಸಿದರು. ಚೀಟಿಯಲ್ಲಿ ಇದು ಎಲ್ಲೂ ಇಲ್ಲ. ಇವತ್ತು ಆಡಿಸಿದ ಏಳು ಟೇಬಲ್‌ಗಳಲ್ಲಿ ಮೊದಲ ಸಲಕ್ಕೆ ಒಂದು ಲಕೋಟೆಯೂ ತೆರೆಯಲಿಲ್ಲ. ಎರಡನೇ ಸಲ ಐದು ತೆರೆದವು.

ವಿಜ್ಞಾನ ಶಿಕ್ಷಕರು ಎಡಗಡೆ ಬರೆದ ಸಾಲನ್ನು ಆಮೇಲೆ ಅವರಾಗಿಯೇ ತೋರಿಸಿದರು: 'ಇವರು ನನ್ನ ಮೇಲೆ ಬೇಜಾರು ಮಾಡಿಕೊಂಡರೆ ಸ್ಟಾಫ್ ರೂಮ್‌ನಲ್ಲಿ ನಾನೊಬ್ಬನೇ ಆಗುತ್ತೇನೆ.' ಈ ಭಯಕ್ಕೆ ಯಾವ ತರಬೇತಿಯಲ್ಲೂ ಒಂದು ಪೀರಿಯಡ್ ಕೊಟ್ಟದ್ದನ್ನು ನಾನು ನೋಡಿಲ್ಲ.

ಈ ಗೆಲುವಿನ ಖುಷಿಗೆ ಮುಂದಿನ ಪೆಟ್ಟಿಗೆ ಆಗಲೇ ತಲೆಯಲ್ಲಿ ಓಡುತ್ತಿದೆ. ಟೈಮ್ ಟೇಬಲ್ ಹಲಗೆ! 10 ತರಗತಿ, 8 ಪೀರಿಯಡ್, ಶಿಕ್ಷಕರಿಗೆ ಒಂದೊಂದು ಬಣ್ಣದ ಮೊಳೆ. ಬೆಳಿಗ್ಗೆ ಮೂವರು ರಜೆ ಅಂತ ಚೀಟಿ ಬರುತ್ತದೆ, ಉಳಿದವರಿಗೆ ಹಂಚಬೇಕು. ರಟ್ಟಿನ ಮೇಲೆ ಒಮ್ಮೆ ಆಡಿಸಿ ನೋಡಿದೆ. ನಾಲ್ಕನೇ ದಿನಕ್ಕೇ ಹೆಚ್ಚುವರಿ ಪೀರಿಯಡ್‌ಗಳೆಲ್ಲ ಹಸಿರು ಮೊಳೆಯ ಮೇಲೆ ಜಮಾ ಆಗಿದ್ದವು. ಹಸಿರು ಮೊಳೆಯವರ ವಿವರದಲ್ಲಿ ನಾನು ಬರೆದಿದ್ದದ್ದು ಇಷ್ಟೇ: 'ಇಲ್ಲ ಅನ್ನುವುದಿಲ್ಲ.' ಉಪ ಮುಖ್ಯಸ್ಥರಾಗುವವರು ಇದನ್ನು ತಮ್ಮ ಕೈಯಾರೆ ಮಾಡಿ ನೋಡಬೇಕು. ಹಲಗೆಗೆ ತೂತು ಕೊರೆದು ಕೊಡುವವರು ಮೂರು ವಾರದಿಂದ "ನಾಳೆ" ಅನ್ನುತ್ತಿದ್ದಾರೆ. ಯಾರಾದರೂ ತೆಳ್ಳಗಿನ ಪ್ಲೈವುಡ್‌ನಲ್ಲಿ ಸಣ್ಣ ತೂತನ್ನು ಅಂಚು ಸಿಗಿಯದ ಹಾಗೆ ಕೊರೆದಿದ್ದರೆ ದಯವಿಟ್ಟು ತಿಳಿಸಿ.

ಹದಿನಾಲ್ಕನೇ ಚೀಟಿಗೂ ಇನ್ನೊಂದು ಕೆಲಸ ಬಾಕಿ ಇದೆ. ಮಾತಾಡಿದ ಎರಡು ವಾರದ ಮೇಲೆ ಎಚ್.ಎಂ. ಮತ್ತೆ ಆ ತರಗತಿಗೆ ಹೋಗಬೇಕು, ಹೊಸ ನಕ್ಷೆಯಲ್ಲಿ ಮತ್ತೆ ಗೀಟು ಹಾಕಬೇಕು. ಅದನ್ನು 50 ನಿಮಿಷದೊಳಗೆ ಹೇಗೆ ತುರುಕುವುದು ಅಂತ ಯೋಚಿಸುತ್ತಿದ್ದೇನೆ. 24ನೇ ಚೀಟಿಯನ್ನು ಅದಕ್ಕೇ ಬಿಟ್ಟುಕೊಡಬಹುದು.

ಹೊರಡುವಾಗ ವಿಜ್ಞಾನ ಶಿಕ್ಷಕರು ಖಾಲಿ ನಕ್ಷೆಗಳಿವೆಯಾ ಅಂತ ಕೇಳಿದರು. ಸೋಮವಾರ ತಮ್ಮದೇ ಪಾಠಕ್ಕೆ ಸ್ಟಾಫ್ ರೂಮ್‌ನವರೊಬ್ಬರನ್ನು ಕರೆದು ಗೀಟು ಹಾಕಿಸುತ್ತಾರಂತೆ. ಪೆಟ್ಟಿಗೆಯಲ್ಲಿ ನಾಲ್ಕು ಚೆನ್ನಾಗಿದ್ದವು, ಒಂದರ ಅಂಚು ಸೊಟ್ಟಗೆ ಕತ್ತರಿಸಿತ್ತು. ಐದನ್ನೂ ತಗೊಂಡು ಹೋದರು.