ಅಳಿಯನ ಮಾತಿನ ಪುಸ್ತಕ: ಇಲ್ಲಿವರೆಗಿನ ಕಥೆ

ಅಂಗಡಿಯ ಬಿಲ್ ಪುಸ್ತಕದ ಹಿಂದೆ ಗೀಚಿಟ್ಟಿದ್ದನ್ನೆಲ್ಲ ಒಂದು ಕಡೆ ಸೇರಿಸಿ ಹಾಕುತ್ತಿದ್ದೇನೆ. ಮನೆಯಲ್ಲಿ ಇಂಥದ್ದೇ ಪುಸ್ತಕ ಮಾಡೋಣ ಅಂತಿರುವವರು ನಾನು ದಂಡ ಮಾಡಿದ ಶೀಟುಗಳನ್ನಾದರೂ ಉಳಿಸಿಕೊಳ್ಳಿ.

ಜೂನ್ 9

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್, ಲ್ಯಾಮಿನೇಷನ್ ಅಂಗಡಿ. ಅಕ್ಕನ ಮಗ ಪುಟ್ಟನಿಗೆ ಆರು ವರ್ಷ, ಆಟಿಸಂ ಇದೆ. ಹೋದ ವರ್ಷ ಮೈಸೂರಿನ ಆಯಿಷ್‌ಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದೆವು. ಮಾನಸಗಂಗೋತ್ರಿಯಲ್ಲಿದೆಯಲ್ಲ, 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ, ಅದೇ. ಈಗ ಊರಲ್ಲೇ ಒಬ್ಬರು ಸ್ಪೀಚ್ ಥೆರಪಿ ಮೇಡಂ ಹತ್ತಿರ ವಾರಕ್ಕೆ ಎರಡು ಸಲ ಹೋಗುತ್ತಾನೆ, ಒಂದೊಂದು ಸಲಕ್ಕೆ ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ನಮ್ಮ ಜೊತೆಗೇ ಇರುತ್ತಾನೆ, ಹಾಗಾಗಿ ಚಿತ್ರ ತೋರಿಸಿ ಮಾತಾಡುವ ಪುಸ್ತಕ ಒಂದು ಮನೆಯಲ್ಲೇ ಇರಲಿ ಅಂದರು ಮೇಡಂ. ಮಷಿನ್ ಅಂಗಡಿಯಲ್ಲೇ ಇದೆ, ನಾನು ಮಾಡುತ್ತೇನೆ ಅಂದೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ.

ಮೊದಲ ಸುತ್ತು ಪೂರ್ತಿ ದಂಡ. 64 ಕಾರ್ಡ್ ಮಾಡಿದೆ, ಅಷ್ಟೂ ಹೆಸರುಗಳೇ. ಸೇಬು, ಆನೆ, ವಿಮಾನ, ಕ್ಯಾರೆಟ್. ಅಂಗನವಾಡಿ ಗೋಡೆ ಮೇಲಿನ ಚಾರ್ಟ್ ಕತ್ತರಿಸಿದ ಹಾಗಿತ್ತು. ಮೇಡಂ ಒಂದೊಂದೇ ತಿರುವಿ ನೋಡಿ, "ಚೆನ್ನಾಗಿ ಬಂದಿದೆ ಸರ್, ಆದರೆ ಇದರಲ್ಲಿ 'ಬೇಡ' ಎಲ್ಲಿದೆ?" ಅಂದರು. ಬೇಡ ಇರಲಿಲ್ಲ. ಬೇಕು ಕೂಡ ಇರಲಿಲ್ಲ. ಸಾಕು, ಇನ್ನೂ, ಬಾ, ಕೊಡು, ಹೋಗೋಣ, ನೋವು, ಯಾವುದೂ ಇಲ್ಲ. ದಿನಕ್ಕೆ ನೂರು ಸಲ ನಮ್ಮ ಬಾಯಲ್ಲಿ ಬರೋದು ಇವೇ ಅಲ್ವಾ? ಇವಕ್ಕೆ ಕೋರ್ ಪದಗಳು ಅಂತಾರೆ, ಶುರು ಮಾಡಬೇಕಾದ್ದೇ ಇಲ್ಲಿಂದ. ವಿಮಾನ ಇಟ್ಟುಕೊಂಡು ಆ ಹುಡುಗ ಏನು ಮಾಡಬೇಕು, ನಮ್ಮೂರಲ್ಲಿ ವಿಮಾನ ನಿಲ್ದಾಣನೂ ಇಲ್ಲ.

ಜೂನ್ 17

ಚಿತ್ರಗಳನ್ನು ಆರಾಸಾಕ್‌ನಿಂದ ತೆಗೆದುಕೊಂಡೆ. ಸ್ಪೇನ್ ದೇಶದ ಅರಗಾನ್ ಸರ್ಕಾರದ ಸಂಗ್ರಹ, ಸಾವಿರಾರು ಚಿತ್ರ ಇವೆ, ಪುಕ್ಕಟೆ. ಬರೆದವರ ಹೆಸರು ಹಾಕಬೇಕು, ಮಾರಬಾರದು, ಬದಲಾಯಿಸಿ ಹಂಚಿದರೆ ಇದೇ ಷರತ್ತಿನ ಮೇಲೆ ಹಂಚಬೇಕು, ಅಷ್ಟೇ. ಅಂಗಡಿಗೆ ಬಂದವರೊಬ್ಬರು ಸೆಟ್ಟಿಗೆ ಎಷ್ಟು ಅಂದರು, ಫೈಲ್ ಪೆನ್‌ಡ್ರೈವ್‌ಗೆ ಸುಮ್ನೆ ಹಾಕಿಕೊಟ್ಟೆ.

ಮಂಡಕ್ಕಿಗೆ ಮಾತ್ರ ನಾನೇ ಫೋಟೋ ತೆಗೆದೆ. ಮೊದಲು ಬಿಳಿ ತಟ್ಟೆಯಲ್ಲಿ ಹಾಕಿ ತೆಗೆದಿದ್ದೆ, ಬಿಳಿ ಮೇಲೆ ಬಿಳಿ, ನನಗೇ ಏನಂತ ಗೊತ್ತಾಗಲಿಲ್ಲ. ಆಮೇಲೆ ಅವನು ದಿನಾ ತಿನ್ನುವ ಹಸಿರು ಪ್ಲಾಸ್ಟಿಕ್ ಬಟ್ಟಲಲ್ಲೇ ಹಾಕಿ ತೆಗೆದೆ. ಅದನ್ನು ನೋಡಿದ ತಕ್ಷಣ ಕಾರ್ಡ್ ಮೂಸಿ ನೋಡಿದ.

ಲ್ಯಾಮಿನೇಷನ್ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ ಅಂತ ಒಂದು ಜಂಬ ಇತ್ತು. ಗ್ಲಾಸಿ ಶೀಟ್ ಹಾಕಿದೆ. ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಬಿದ್ದು ಮಿಂಚುತ್ತಿತ್ತು, ಪುಟ್ಟ ಚಿತ್ರ ಬಿಟ್ಟು ಆ ಬೆಳಕನ್ನೇ ಆ ಕಡೆ ಈ ಕಡೆ ಓಡಾಡಿಸುತ್ತಾ ಕೂತ. ಮ್ಯಾಟ್ ಶೀಟ್‌ಗೆ ಬದಲಾಯಿಸಿದೆ. ಇನ್ನೊಂದು ವಿಷಯ, ಹತ್ತು ಚಿತ್ರ ಒಟ್ಟಿಗೆ ಲ್ಯಾಮಿನೇಟ್ ಮಾಡಿ ಆಮೇಲೆ ಕತ್ತರಿಸಬೇಡಿ. ಅಂಚು ತೆರೆದುಕೊಳ್ಳುತ್ತೆ, ಮಗು ಬಾಯಿಗೆ ಹಾಕಿದರೆ ಜೊಲ್ಲು ಒಳಗೆ ಹೋಗಿ ಎರಡೇ ದಿನಕ್ಕೆ ಕಾಗದ ಮುದ್ದೆ. ಮೊದಲು ಚಿತ್ರ ಕತ್ತರಿಸಿ, ಒಂದಕ್ಕೊಂದು ದೂರ ಜೋಡಿಸಿ, ಸುತ್ತ ಮೂರು ಮಿಲಿಮೀಟರ್ ಬರಿ ಪ್ಲಾಸ್ಟಿಕ್ ಉಳಿಯುವ ಹಾಗೆ ಕತ್ತರಿಸಬೇಕು. ಮೂಲೆಗಳನ್ನು ದುಂಡಗೆ ಮಾಡಿ, ಚುಚ್ಚುತ್ತೆ.

ವೆಲ್ಕ್ರೋ ಅಂಟಿಸಿದ ಮೇಲೆ ಎರಡು ದಿನ ಏನೂ ಕೆಲಸ ಆಗಲಿಲ್ಲ. ಅದು ಕೀಳುವಾಗ ಪರ್ ಅಂತ ಸದ್ದು ಬರುತ್ತಲ್ಲ, ಅದು ಅವನಿಗೆ ಹಿಡಿಸಿಬಿಟ್ಟಿತು. ಕೀಳೋದು, ಅಂಟಿಸೋದು, ಕೀಳೋದು. ಬಿಟ್ಟೆವು. ಮೂರನೇ ದಿನ ಅವನಿಗೇ ಬೇಜಾರಾಯ್ತು.

ಜುಲೈ 1

ಮೇಡಂ ಹೇಳಿಕೊಟ್ಟ ರೀತಿ ಪೆಕ್ಸ್ ಅನ್ನುವ ಪದ್ಧತಿಯದು. ಅಮೆರಿಕದ ಡೆಲವೇರ್‌ನಲ್ಲಿ ಆಂಡಿ ಬಾಂಡಿ, ಲೋರಿ ಫ್ರಾಸ್ಟ್ ಇಬ್ಬರು ಸೇರಿ 1985ರಲ್ಲಿ ಮಾಡಿದ್ದು. ಒಟ್ಟು ಆರು ಹಂತ. ಮೊದಲನೇ ಹಂತಕ್ಕೆ ದೊಡ್ಡವರು ಇಬ್ಬರು ಬೇಕು. ಅಕ್ಕ ಎದುರಿಗೆ ಮಂಡಕ್ಕಿ ಬಟ್ಟಲು ಹಿಡಿದು ಕೂತಳು, ನಾನು ಅವನ ಬೆನ್ನ ಹಿಂದೆ. ಅವನು ಬಟ್ಟಲಿಗೆ ಕೈ ಚಾಚಿದಾಗ ನಾನು ಆ ಕೈಯನ್ನು ಕಾರ್ಡ್ ಕಡೆ ತಿರುಗಿಸಿ, ಎತ್ತಿಸಿ, ಅಕ್ಕನ ಅಂಗೈಗೆ ಹಾಕಿಸಬೇಕು. ತಕ್ಷಣ ಅವಳು "ಮಂಡಕ್ಕಿ" ಅಂದು ಒಂದು ಹಿಡಿ ಕೊಡಬೇಕು. ನಾನು ಪಿಟಕ್ ಅನ್ನಬಾರದು. ಅಕ್ಕನೂ "ಏನು ಬೇಕು ಕಂದಾ" ಅಂತ ಕೇಳಬಾರದು, ಕೇಳಿದರೆ ಕೇಳೋವರೆಗೂ ಕಾಯೋದನ್ನೇ ಕಲಿಯುತ್ತಾನೆ. ಬಾಯಿ ಮುಚ್ಚಿಕೊಂಡು ಕೂರೋದು ಇಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ನಾಲ್ಕನೇ ಸಂಜೆ ನನ್ನ ಕೈಯ ಸಹಾಯ ಇಲ್ಲದೆ ಕಾರ್ಡ್ ಕೊಟ್ಟ.

ಅಮ್ಮನಿಗೆ ಇದ್ಯಾವುದೂ ಸರಿ ಬರಲಿಲ್ಲ. "ಚೀಟಿ ಕೊಟ್ಟರೆ ಕೆಲಸ ಆಗುತ್ತೆ ಅಂದಮೇಲೆ ಬಾಯಿ ಯಾಕೆ ಬಿಡ್ತಾನೋ" ಅಂದಳು. ಅವಳ ಬಜೆ ತೇಯುವ ಕಲ್ಲು ಇನ್ನೂ ಅಡುಗೆಮನೆ ಗೂಡಲ್ಲೇ ಇದೆ. ಅವಳನ್ನು ಅಂದು ಏನು ಪ್ರಯೋಜನ, ಎರಡು ವರ್ಷ ಹಿಂದೆ ದುಡ್ಡು ಕೊಟ್ಟು ಹೋಗುತ್ತಿದ್ದ ಒಂದು ಕಡೆಯಲ್ಲೂ ಚಿತ್ರ ಕೊಟ್ಟರೆ ಸೋಮಾರಿ ಆಗ್ತಾನೆ ಅಂತಲೇ ಹೇಳಿದ್ದರು. ಆ ಮಾತು ನಂಬಿ ಕಳೆದ ಎರಡು ವರ್ಷದ ಬಗ್ಗೆ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಯಾಕೆಂದರೆ 2006ರಲ್ಲೇ ಮಿಲ್ಲರ್, ಲೈಟ್, ಶ್ಲೋಸರ್ ಅನ್ನುವವರು ಹಳೇ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ್ದಾರೆ. ಸರಿಯಾದ ಪುರಾವೆ ಇದ್ದ 27 ಜನರಲ್ಲಿ ಚಿತ್ರ, ಸನ್ನೆ ಇಂಥವು ಕೊಟ್ಟಿದ್ದಕ್ಕೆ ಮಾತು ಕಡಿಮೆಯಾದವರು ಒಬ್ಬರೂ ಇಲ್ಲ, 89 ಪರ್ಸೆಂಟ್ ಜನಕ್ಕೆ ಸ್ವಲ್ಪವಾದರೂ ಹೆಚ್ಚಾಗಿತ್ತು. ಅಮ್ಮನಿಗೆ ಹೇಳಿದೆ. "27 ಜನದಲ್ಲಿ ನಮ್ಮ ಹುಡುಗ ಇದ್ದನಾ" ಅಂದಳು.

ಜುಲೈ 15

ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಇದು ನನಗೆ ಯಾವ ವಿಡಿಯೋದಲ್ಲೂ ಸಿಗಲಿಲ್ಲ.

ಪುಟ್ಟನಿಗೆ ಮಾತೇ ಇಲ್ಲ ಅಂತಲ್ಲ. ಕೇಳಿದ್ದನ್ನು ಅದೇ ರಾಗದಲ್ಲಿ ವಾಪಸ್ ಹೇಳುತ್ತಾನೆ, ಎಕೋಲೇಲಿಯಾ ಅಂತಾರೆ. ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು "ದೋಸೆ ಬೇಕಾ?" ಅಂತಾನೆ. ನಮ್ಮಮ್ಮನದೇ ಧ್ವನಿ, ಕೊನೆಗೆ ಅದೇ ಎಳೆತ. ನಾವು ನಕ್ಕು "ನನಗೆ ಬೇಡಪ್ಪ, ಆಯ್ತು" ಅನ್ನುತ್ತಿದ್ದೆವು. ಅವನು ಕಿರುಚಿಕೊಳ್ಳುತ್ತಿದ್ದ. ಅವನು ನಮ್ಮನ್ನು ಕೇಳುತ್ತಿರಲಿಲ್ಲ, ತನಗೆ ಬೇಕು ಅಂತ ಹೇಳುತ್ತಿದ್ದ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ದೋಸೆ ಬಂದಿದೆ, ಹಾಗಾಗಿ ದೋಸೆ ಬರಿಸುವ ಮಾತು ಅದೇ.

ಇಂಗ್ಲಿಷ್‌ನಲ್ಲಿ ಈ ಮಕ್ಕಳು ನಾನು ಅನ್ನೋ ಕಡೆ ನೀನು ಅಂತಾರೆ ಅಂತ ಎಲ್ಲ ಕಡೆ ಬರೆದಿರುತ್ತೆ. 1943ರಲ್ಲಿ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದಾಗಲೇ ಅದನ್ನು ಗುರುತಿಸಿದ್ದರು. ನಮ್ಮ ಮನೆ ಮಾತಿನಲ್ಲಿ ನಾನು, ನೀನು ಬರೋದೇ ಕಡಿಮೆ. ಬೇಕು ಅನ್ನುವ ಪದ ಯಾರಿಗಾದರೂ ಅದೇ, ಬಾಲ ಬದಲಾಗಲ್ಲ. ನಮ್ಮಲ್ಲಿ ಗಂಟು ಬಿದ್ದಿರೋದು ಬೇಕು, ಬೇಕಾ ಇವೆರಡರ ನಡುವೆ. ಹೋಗ್ತೀನಿ, ಹೋಗ್ತೀಯಾ ಕೂಡ ಹಾಗೇ.

ಮೇಡಂ ಹೇಳಿದ ಮದ್ದು ಸುಲಭದ್ದು. ಅವನಿಗೆ ಏನು ಬೇಕೋ ಗೊತ್ತಿದ್ದಾಗ ಪ್ರಶ್ನೆ ಕೇಳಬೇಡಿ, ಅವನ ಬಾಯಲ್ಲಿ ಬರಬೇಕಾದ ಮಾತನ್ನೇ ನೀವು ಹೇಳಿ. "ದೋಸೆ ಬೇಕು" ಅನ್ನಿ, ಚಿತ್ರದ ಮೇಲೆ ಬೆರಳಿಡಿ, ಕೊಡಿ. ಹೇಳೋಕೆ ಸುಲಭ. ನಮ್ಮಂಥ ಮನೆಯಲ್ಲಿ ಬೇಕಾ ಅಂತ ಕೇಳೋದೇ ಪ್ರೀತಿ. ಕಾಫಿ ಬೇಕಾ, ಇನ್ನೊಂದು ಹಾಕಲಾ, ಮೊಸರು ಬೇಕಾ. ಅಮ್ಮ ಎರಡು ದಿನ ತಡೆದುಕೊಂಡಳು, ಮೂರನೇ ದಿನ "ನಾನು ಕೇಳದೇ ಬಡಿಸೋಕೆ ಇದೇನು ಖಾನಾವಳಿನಾ" ಅಂದಳು.

ಇಂಗ್ಲಿಷ್ ರೀತಿಯನ್ನೇ ಕನ್ನಡಕ್ಕೆ ತರುವ ತಪ್ಪನ್ನು ಕಾರ್ಡ್ ಜೋಡಿಸುವ ಪಟ್ಟಿಯಲ್ಲಿ ನಾನೂ ಮಾಡಿದ್ದೆ. ನಾಲ್ಕನೇ ಹಂತದಲ್ಲಿ ಎರಡು ಕಾರ್ಡ್ ಜೋಡಿಸಿ ವಾಕ್ಯ ಮಾಡುವ ಪಟ್ಟಿ ಬರುತ್ತೆ. ಡೌನ್‌ಲೋಡ್ ಮಾಡಿದ ಮಾದರಿಯಲ್ಲಿ ಬೇಕು ಅನ್ನೋ ಕಾರ್ಡ್ ಎಡಗಡೆ ಇತ್ತು, ನಾನು ಹಾಗೇ ಇಟ್ಟೆ. ಬೆರಳಿಟ್ಟು ಓದಿದರೆ "ಬೇಕು ದೋಸೆ". ಹೋಟೆಲಲ್ಲಿ ಜಗಳಕ್ಕೆ ನಿಂತವನ ಹಾಗೆ. ಈಗ ಬೇಕು, ಬೇಡ, ಹೋಗೋಣ, ಕೊಡು ಎಲ್ಲವನ್ನೂ ಬಲಗಡೆ ಒಂದೇ ಬಣ್ಣದ ಅಂಚು ಹಾಕಿ ಸಾಲಾಗಿ ಇಟ್ಟಿದ್ದೇನೆ, ವಸ್ತುಗಳೆಲ್ಲ ಎಡಗಡೆ. ದೋಸೆ ಬೇಕು. ಹೊರಗೆ ಹೋಗೋಣ. ಕೈ ಹೋದ ದಾರಿಯಲ್ಲೇ ಕನ್ನಡ ಬರುತ್ತೆ.

ಆಗಸ್ಟ್ 5

ಟ್ಯಾಬ್, ಆ್ಯಪ್ ಯಾಕೆ ಬೇಡ ಅಂತ ಒಬ್ಬರು ಕೇಳಿದರು. ಬೇಡ ಅಂತಲ್ಲ. ಸದ್ಯಕ್ಕೆ ಪರದೆ ಕಂಡರೆ ಅವನಿಗೆ ಯೂಟ್ಯೂಬ್ ಒಂದೇ.

ಆಗಸ್ಟ್ 19

ಸಿಟಿ ಬಸ್ ಅಂದರೆ ಪುಟ್ಟನಿಗೆ ಪ್ರಾಣ. ಮನೆಯಲ್ಲಿ ಸುಮ್ನೆ ಓಡಾಡುತ್ತಾ "ರೈಟ್ ರೈಟ್" ಅಂತಿರುತ್ತಾನೆ, ಕೆಲವು ಸಲ "ಹೋಲ್ಡಾನ್". ನಾವು ಕಂಡಕ್ಟರ್ ಆಟ ಅಂದುಕೊಂಡಿದ್ದೆವು. ಹೀಗೆ ಮರುನುಡಿಯುವುದರ ಹಿಂದೆ ಒಂದು ಉದ್ದೇಶ ಇರುತ್ತೆ ಅಂತ ಬ್ಯಾರಿ ಪ್ರಿಜಾಂಟ್ ಅನ್ನುವವರು 1980ರ ದಶಕದಲ್ಲೇ ತೋರಿಸಿದ್ದಾರಂತೆ. ಯಾವಾಗ, ಎಲ್ಲಿ ಅಂತಾನೆ ಅಂತ ಒಂದು ವಾರ ಬರೆದಿಡಿ ಅಂದರು ಮೇಡಂ. ಬರೆದೆ. "ರೈಟ್ ರೈಟ್" ಬಂದಿದ್ದು 11 ಸಲ, ಅದರಲ್ಲಿ 9 ಸಲ ಚಪ್ಪಲಿ ಹತ್ತಿರ, ಬಾಗಿಲ ಹತ್ತಿರ. "ಹೋಲ್ಡಾನ್" 6 ಸಲ. ತಲೆ ಬಾಚುವಾಗ ಎರಡು, ಮಿಕ್ಸಿ ಹಾಕಿದಾಗ ನಾಲ್ಕು.

ಅಂದರೆ ಅವನು ನಿಲ್ಲಿಸಿ ಅಂತ ಇಷ್ಟು ದಿನ ಹೇಳುತ್ತಲೇ ಇದ್ದ. ನಾವು ಟಿಕೆಟ್ ಟಿಕೆಟ್ ಅಂತ ನಗುತ್ತಿದ್ದೆವು.

ನಾನು ನಿಲ್ಲಿಸು ಅಂತ ಮಾಡಿದ್ದ ಕಾರ್ಡನ್ನು ಅವನು ಒಂದು ದಿನವೂ ಮುಟ್ಟಿರಲಿಲ್ಲ. ಅದೇ ಕೈ ಅಡ್ಡ ಹಿಡಿದ ಚಿತ್ರ ಇಟ್ಟು, ಕೆಳಗಿನ ಅಕ್ಷರ ಅಳಿಸಿ "ಹೋಲ್ಡಾನ್" ಅಂತ ಹಾಕಿದೆ. ಒಂದು ಪುಸ್ತಕದಲ್ಲಿ, ಒಂದು ಮಿಕ್ಸಿ ಪಕ್ಕದ ಫ್ರಿಜ್ ಮೇಲೆ ಅವನ ಕೈಗೆ ಎಟುಕುವ ಹಾಗೆ. ಮಿಕ್ಸಿ ಹಾಕುವಾಗೆಲ್ಲ ಅಕ್ಕ ಆ ಕಾರ್ಡ್ ಮುಟ್ಟಿ, ಹೋಲ್ಡಾನ್ ಅಂದು, ನಿಲ್ಲಿಸಿ ತೋರಿಸಿದಳು.

ಆಗಸ್ಟ್ 31

ಬೆಳಿಗ್ಗೆ ಅಮ್ಮ ಚಟ್ನಿಗೆ ಹಾಕಿದ್ದಳು. ಪುಟ್ಟ ಎರಡೂ ಕಿವಿ ಮುಚ್ಚಿಕೊಂಡು ಬಂದ. ಕಾರ್ಡ್ ಕೀಳಬೇಕಾದರೆ ಒಂದು ಕೈ ಬಿಡಬೇಕಲ್ಲ. ಮೊಣಕೈಯಲ್ಲೇ ಕೆಳಗೆ ತಳ್ಳೋಕೆ ನೋಡಿದ, ಆಗಲಿಲ್ಲ. ಆಮೇಲೆ ಬಲಗೈ ಬಿಟ್ಟು, ಆ ಕಡೆ ಕಿವಿಯನ್ನು ಭುಜಕ್ಕೆ ಒತ್ತಿಕೊಂಡು, ಕಾರ್ಡ್ ಕಿತ್ತು ಅಮ್ಮನ ಸೊಂಟಕ್ಕೆ ಒತ್ತಿದ. ಅಮ್ಮ ತಿರುಗಿ ನೋಡಿ ಸ್ವಿಚ್ ಆಫ್ ಮಾಡಿದಳು. ಕಾಯಿ ಚೂರು ಚೂರಾಗಿ ಹಾಗೇ ಉಳಿದಿತ್ತು, ಆವತ್ತು ಎಲ್ಲರೂ ಅದನ್ನೇ ತಿಂದೆವು. ಅವನು ಕಿರುಚಲಿಲ್ಲ. ಮಾತನ್ನೂ ಆಡಲಿಲ್ಲ, ಕಾರ್ಡ್ ಮಾತ್ರ.

ಸೆಪ್ಟೆಂಬರ್ 4

ಮಿಕ್ಸಿ ಈಗ ಹಿತ್ತಲ ಬಾಗಿಲ ಹತ್ತಿರ ಹೋಗಿದೆ, ಅಮ್ಮನೇ ಸಾಗಿಸಿದ್ದು. ನೋವು ಪುಟಕ್ಕೆ ಹೊಟ್ಟೆ, ಹಲ್ಲು, ಕಿವಿ ಮೂರು ಚಿತ್ರ ಸೇರಿಸಬೇಕು, ಅದು ಬಾಕಿ ಇದೆ. ನಿನ್ನೆ ರಾತ್ರಿ ಊಟಕ್ಕೆ ಕೂತು ಗಿರಾಕಿ ಜೊತೆ ಫೋನಲ್ಲಿ ಮಾತಾಡುತ್ತಿದ್ದೆ. ಅಮ್ಮ ಏನೂ ಹೇಳದೆ ಎದ್ದು ಹೋಗಿ ಫ್ರಿಜ್ ಮೇಲಿನ ಹೋಲ್ಡಾನ್ ಕಾರ್ಡ್ ಕಿತ್ತು ತಂದು ನನ್ನ ತಟ್ಟೆ ಪಕ್ಕ ಇಟ್ಟಳು. ಅದಕ್ಕೆ ಇನ್ನೆರಡು ಕಾಪಿ ಹಾಕಬೇಕು, ಒಂದು ಅವಳಿಗೇ ಬೇಕಂತೆ.