ವಿದ್ಯುತ್ ಬೇಡಿಕೆ ಮಾದರಿ: ಪಂಪ್‌ಸೆಟ್ ಶೀಟ್ ಎಲ್ಲಿಗೆ ಬಂತು

ಕರ್ನಾಟಕದಲ್ಲಿ ಯಾರಿಗೆ ಎಷ್ಟು ಕರೆಂಟು ಬೇಕೆಂದು ಅಂದಾಜಿಸುವ ನಮ್ಮ ಬೇಡಿಕೆ ಶೀಟ್‌ನಲ್ಲಿ ಮನೆ, ಬೀದಿದೀಪ, ಕಾರ್ಖಾನೆಗಳ ಲೆಕ್ಕ ಒಂದು ಹಂತಕ್ಕೆ ಬಂದಿದೆ. ಮೀಟರ್ ಇರುವಲ್ಲಿ ತಾಳೆ ನೋಡುವುದು ಸುಲಭ. ತಲೆನೋವು ಪಂಪ್‌ಸೆಟ್‌ನದು. 10 ಎಚ್‌ಪಿವರೆಗೆ ರೈತರಿಗೆ ಬಿಲ್ಲಿಲ್ಲ, ಬಹುತೇಕ ಕಡೆ ಮೀಟರೂ ಇಲ್ಲ. ಒಟ್ಟು ಪೂರೈಕೆಯಲ್ಲಿ ಬೇರೆಲ್ಲ ಕಳೆದು ಮಿಕ್ಕಿದ್ದನ್ನು ಪಂಪ್‌ಸೆಟ್ ಖಾತೆಗೆ ಬರೆದರೆ ಲೈನ್ ನಷ್ಟ, ಕಳವು ಎಲ್ಲ ಅದರೊಳಗೇ ಅಡಗಿಬಿಡುತ್ತವೆ. ಆದ್ದರಿಂದ ಪ್ರತ್ಯೇಕ ಕೃಷಿ ಫೀಡರ್‌ನ (ಸಬ್‌ಸ್ಟೇಷನ್‌ನಿಂದ ಪಂಪ್‌ಸೆಟ್‌ಗಳಿಗೆಂದೇ ಹೊರಡುವ ಲೈನ್) ರೀಡಿಂಗ್‌ನಲ್ಲಿ ನಷ್ಟ ಕಳೆದು, ಚಾಲ್ತಿಯಲ್ಲಿರುವ ಸಂಪರ್ಕಗಳಿಂದ ಭಾಗಿಸುವ ಕ್ರಮಕ್ಕೆ ಬಂದಿದ್ದೇವೆ. ಬತ್ತಿದ ಬೋರ್‌ವೆಲ್‌ಗಳೂ ಪಟ್ಟಿಯಲ್ಲಿರುತ್ತವೆ, ಅವನ್ನು ತೆಗೆಯಲೇಬೇಕು.

ದರ ಏರಿದರೆ ಬಳಕೆ ಇಳಿಯುತ್ತದೆ ಎಂಬ ಸೂತ್ರವನ್ನು ಈ ಶೀಟ್‌ನಿಂದ ಕಿತ್ತುಹಾಕಿದೆವು. ದುಡ್ಡು ಕೊಡದ ಕರೆಂಟಿಗೆ ದರ ಏರಿದರೇನು, ಇಳಿದರೇನು? ಇಲ್ಲಿ ಮುಖ್ಯ ಪಂಪ್‌ಸೆಟ್ ಓಡಲು ಬೇಕಾದ ತ್ರೀ ಫೇಸ್ ಕರೆಂಟು ಬರುವ ಗಂಟೆ. ಕರೆಂಟು ಬಂದೊಡನೆ ಆಟೋ ಸ್ಟಾರ್ಟರ್ ಮೋಟಾರು ಚಾಲೂ ಮಾಡುತ್ತದೆ, ಹೋಗುವವರೆಗೂ ಓಡುತ್ತದೆ.

ಹಳೆ ಪಂಪ್‌ಸೆಟ್ ತೆಗೆದು ದಕ್ಷ ಸೆಟ್ ಹಾಕಿದರೆ ಆಗುವ ಉಳಿತಾಯದ ಲೆಕ್ಕ ಹೀಗಿದೆ. ಸೆಕೆಂಡಿಗೆ 2.5 ಲೀಟರ್, 55 ಮೀಟರ್ ಎತ್ತಲು ನೀರಿಗೆ ಬೇಕಾದ್ದು 1.35 ಕಿಲೋವ್ಯಾಟ್. ಒಟ್ಟು ದಕ್ಷತೆ ಶೇ 30 ಇದ್ದರೆ ಲೈನಿನಿಂದ ಎಳೆಯುವುದು 4.5 ಕಿಲೋವ್ಯಾಟ್, ಶೇ 45 ಇದ್ದರೆ 3.0. ವರ್ಷಕ್ಕೆ 1500 ಗಂಟೆಗೆ ಉಳಿತಾಯ 2250 ಯೂನಿಟ್. ಹೊಸ ಸೆಟ್‌ಗೆ ₹40,000, ಬಡ್ಡಿ ಶೇ 10, ಬಾಳಿಕೆ 10 ವರ್ಷ ಎಂದು ಹಿಡಿದರೆ ವಾರ್ಷಿಕ ಕಂತು ₹6510. ಅಂದರೆ ಉಳಿಸಿದ ಪ್ರತಿ ಯೂನಿಟ್‌ಗೆ ತಗಲುವ ವೆಚ್ಚ ₹2.89. ಬಾಳಿಕೆ 6 ವರ್ಷಕ್ಕೆ ಇಳಿದರೆ ₹4.08. ವೋಲ್ಟೇಜ್ ಬಿದ್ದು ಕಾಯಿಲ್ ಸುಟ್ಟು ಮೋಟಾರು ಪದೇ ಪದೇ ರಿವೈಂಡಿಂಗ್‌ಗೆ ಹೋಗುವ ಊರುಗಳಿಗೆ ಈ ಎರಡನೆಯ ಅಂಕಿಯೇ ಸರಿ. ಇನ್ನೊಂದು ಮಾತು: 5 ಎಚ್‌ಪಿ ತೆಗೆದು 3 ಎಚ್‌ಪಿ ಇಳಿಸಿದರೆ ಮಾತ್ರ ಈ ಉಳಿತಾಯ. ದಕ್ಷ ಪಂಪಿಗೂ 5 ಎಚ್‌ಪಿಯನ್ನೇ ಜೋಡಿಸಿದರೆ ನೀರು ಹೆಚ್ಚು ಬರುತ್ತದೆ, ಯೂನಿಟ್ ಅಷ್ಟೇ ಹೋಗುತ್ತದೆ.

ಫ್ಯಾನ್ ಸಾಲು ಚಿಕ್ಕದು: 75 ವ್ಯಾಟ್ ಬದಲು 30, ವರ್ಷಕ್ಕೆ 3000 ಗಂಟೆ, ಹೆಚ್ಚುವರಿ ಬೆಲೆ ₹1500, ಅದೇ ಬಡ್ಡಿ, ಅದೇ 10 ವರ್ಷ ಹಿಡಿದರೆ ಉಳಿಸಿದ ಯೂನಿಟ್‌ಗೆ ₹1.81.

ಆದರೆ ಪಂಪ್‌ಸೆಟ್, ಫ್ಯಾನ್ ಎರಡನ್ನೂ ಒಂದೇ ವಾರ್ಷಿಕ ಪಟ್ಟಿಯಲ್ಲಿ ಹೋಲಿಸುವುದೇ ತಪ್ಪು. ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಇರುವ ಗ್ರಿಡ್‌ನಲ್ಲಿ ಮಧ್ಯಾಹ್ನ ಉಳಿಸಿದ ಯೂನಿಟ್ಟೂ ರಾತ್ರಿ ಎಂಟಕ್ಕೆ ಉಳಿಸಿದ್ದೂ ಒಂದೇ ಬೆಲೆಯವಲ್ಲ. ಅದಕ್ಕೇ 12 ತಿಂಗಳು, 24 ಗಂಟೆ ಸೇರಿ 288 ಕೋಶಗಳ ಕೋಷ್ಟಕ ಹಾಕಿದ್ದೇವೆ. ಫ್ಯಾನ್ ಉಳಿತಾಯ ಅದರಲ್ಲಿ ಕೂತಿದೆ. ಪಂಪ್‌ಸೆಟ್‌ದು ಯಾವ ಫೀಡರ್‌ಗೆ ಯಾವ ಹೊತ್ತು ಕರೆಂಟು ಎಂಬ ಸರದಿಯ ವೇಳಾಪಟ್ಟಿ ತುಂಬಿದ ಮೇಲೆ.