ಎಸ್ಪಿನ ಎತ್ತಂಗಡಿ ಮಾಡಿದ್ರೆ ಸಾಕಾ?

ನಿನ್ನೆ ಮಡಿಕೇರಿ ತಿಮ್ಮಯ್ಯ ಸರ್ಕಲ್ ಹತ್ರ ಕಾಫಿ ಕುಡೀತಾ ಮತ್ತೆ ಅದೇ ಜಗಳ, ಪ್ರತಿಭಟನೇಲಿ ಗಲಾಟೆ ಆದ್ರೆ ಮೊದ್ಲು ಎಸ್ಪಿ ತಲೆದಂಡ ಆಗ್ಬೇಕು ಅಂತ. ನಂಗೆ 2015ರ ನವೆಂಬರ್ 10 ನೆನಪಾಗತ್ತೆ, ಟಿಪ್ಪು ಜಯಂತಿ ದಿನ, ಇದೇ ಊರಲ್ಲಿ ಕಲ್ಲು ತೂರಾಟ, ಲಾಠಿ ಚಾರ್ಜ್, ಜೀವಾನೇ ಹೋಯ್ತು. ಜಯಂತಿ ಪರ-ವಿರೋಧದ ಎರಡು ಗುಂಪು ಎದುರುಬದುರಾಗೋ ಮುಂಚೆನೇ ತಡೀಬೇಕಿತ್ತಲ್ವಾ, ಆಮೇಲೆ ನಿಷೇಧಾಜ್ಞೆ ಹಾಕಿ ಏನ್ ಬಂತು? (ನಿಷೇಧಾಜ್ಞೆಯ ಹಳೇ ಸೆಕ್ಷನ್ 144 ಈಗ ಇಲ್ಲ, 2024 ಜುಲೈ 1ರಿಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 163, ನಮ್ ಬಾಯಲ್ಲಿ ಮಾತ್ರ ಇನ್ನೂ ನೂರನಲವತ್ನಾಲ್ಕೇ.) ಮೊನ್ನೆ ಒಂದು ಧರಣಿ ಬಂದೋಬಸ್ತಿಗೆ ನಿಂತಿದ್ದ ಹುಡುಗ ಪೇದೆ ಹೆಲ್ಮೆಟ್ ಪಟ್ಟಿ ಕಿತ್ತೋಗಿ ಗೋಣಿದಾರದಲ್ಲಿ ಕಟ್ಕೊಂಡಿದ್ದ, ಮಳೇಲಿ ನೆನೀತಾ. ಆರ್ಡರ್ ಕೊಡೋ ಸಾಹೇಬ್ರು ಜೀಪೊಳಗೆ, ಗ್ಲಾಸ್ ಏರಿಸ್ಕೊಂಡು.